ಎಡಗೈ ಅಕ್ಕನ ಗುಳಿ

ಹೊಸಬರು ಯಾರಾದರೂ ಎದುರಿಗೆ ಬಂದರೆ ನಮ್ಮ ಅತ್ತೆ ಮೊದಲು ಮುಖ ನೋಡುವುದಿಲ್ಲ. ತೋಳಿನ ಅಂಚು, ಮೊಣಕೈ, ಜೇಬಿನ ಮೂಲೆ ನೋಡುತ್ತಾಳೆ. ಅಲ್ಲಿ ಬಟ್ಟೆ ಸವೆದಿದ್ದರೆ ಅವಳ ಬೆರಳು ತಾನಾಗಿ ಮುಂದೆ ಹೋಗುತ್ತದೆ, ಆಮೇಲೆ ನಾಚಿಕೊಂಡು ಹಿಂದೆ ಬರುತ್ತದೆ. ಅವಳದು ರಫೂ ಕೆಲಸ. ಹರಿದ ಬಟ್ಟೆಯ ಒಳ ಅಂಚಿನಿಂದ ಅದರದೇ ನೂಲು ಎಳೆದು, ತೂತಿನ ಮೇಲೆ ಒಂದೊಂದೇ ಎಳೆ ನೇಯ್ದು ಮುಚ್ಚುವ ಕೆಲಸ. ಅದು ಅವಳಿಗೆ ಸಿಕ್ಕಿದ್ದು ಹೇಗೆ, ಸಿಕ್ಕಿದ ಮೇಲೂ ಅದು ಅವಳದಾಗಲು ಎಷ್ಟು ಕಷ್ಟವಾಯಿತು ಎಂಬುದನ್ನು ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಅತ್ತೆ ನಮ್ಮ ಅಪ್ಪನ ತಂಗಿ. ಅವಳೂ ಅಜ್ಜಿಯೂ ನಮ್ಮ ಜೊತೆಗೇ ಇರುವುದು. ಮೊದಲು ಅವಳು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಅಂಗಿ ಎಂದೆ, ಆದರೆ ಅವಳು ಹೊಲಿದದ್ದು ಕಾಲರ್ ಮಾತ್ರ. ಪಕ್ಕದವಳು ತೋಳು, ಅದರಾಚೆಯವಳು ಜೇಬು. ವರ್ಷಗಟ್ಟಲೆ ದುಡಿದರೂ ಒಂದು ಇಡೀ ಅಂಗಿ ತನ್ನ ಕೈ ದಾಟಿ ಹೋದದ್ದನ್ನು ಅವಳು ಕಂಡಿರಲಿಲ್ಲ. “ನಾನು ಸತ್ರೆ ಮೈಗೆ ಬಟ್ಟೆ ಬೇಡ, ಕತ್ತಿಗೊಂದು ಕಾಲರ್ ಹಾಕಿ ಕಳಿಸಿಬಿಡಿ” ಎಂದು ಎಲ್ಲರನ್ನೂ ನಗಿಸುತ್ತಿದ್ದಳು.

ಕಾರ್ಖಾನೆ ಮುಚ್ಚಿದ ಮೇಲೆ ಆ ನಗು ನಿಂತಿತು. ಕೆಲಸ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ, ಏನು ಬರುತ್ತೆ? ಕಾಲರ್ ಬರುತ್ತೆ ಎಂದರೆ ಎದುರಿದ್ದವರ ಕಣ್ಣು ಆಗಲೇ ಅವಳ ಹಿಂದೆ ನಿಂತವರ ಮೇಲೆ. ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಅಜ್ಜಿಗೆ ಉತ್ತರ ಗೊತ್ತಾಗುತ್ತಿತ್ತು. “ಬಾ, ಕಾಫಿ ಬಿಸಿ ಇದೆ” ಎನ್ನುತ್ತಿದ್ದಳೇ ಹೊರತು ಏನಾಯಿತು ಎಂದು ಕೇಳುತ್ತಿರಲಿಲ್ಲ.

ಪೇಟೆಯ ಹಿಂದಿನ ಬೀದಿಯಲ್ಲಿ ಬಟ್ಟೆ ತೊಳೆದು, ಇಸ್ತ್ರಿ ಮಾಡಿ, ಹರಿದದ್ದನ್ನು ಸರಿಮಾಡಿ ಕೊಡುವ ಹಳೆಯ ಅಂಗಡಿಯೊಂದಿದೆ. ರಫೂ ಮಾಡುವವರು ಬೇಕು ಎಂಬ ಚೀಟಿ ಅದರ ಗಾಜಿಗೆ ಅಂಟಿಸಿ ಎಷ್ಟು ದಿನವಾಗಿತ್ತೋ, ಬಿಸಿಲಿಗೆ ಹಳದಿಯಾಗಿತ್ತು. ಅತ್ತೆ ಒಳಗೆ ಹೋದಾಗ ಇಸ್ತ್ರಿ ಮಾಡುವಾತ ಒಬ್ಬನೇ ಇದ್ದ. ಎಲ್ಲರೂ ಅವನನ್ನು ಇಸ್ತ್ರಿ ಮಾಮ ಎನ್ನುತ್ತಾರೆ.

“ಕೆಲಸಕ್ಕಾ?” ಎಂದ, ಇಸ್ತ್ರಿ ಪೆಟ್ಟಿಗೆ ನಿಲ್ಲಿಸದೆ. “ನಿನಗಿಂತ ಮುಂಚೆ ಬಂದೋರೆಲ್ಲ ಹೇಳದೆ ಕೇಳದೆ ಹೋದ್ರಮ್ಮ.”

“ಯಾಕೆ, ಯಜಮಾನ್ರು ಜೋರಾ?”

“ಜೋರೂ ಅಲ್ಲ, ಪಾಪದೋರೂ ಅಲ್ಲ. ಅವ್ರಿಗೆ ಬೇಕಾಗಿರೋದು ರಫೂ ಮಾಡೋರಲ್ಲ, ಎಡಗೈ ಅಕ್ಕ. ಅವಳು ಸತ್ತು ವರ್ಷವಾಗ್ತಾ ಬಂತು. ಎಲ್ಲಿಂದ ತರೋಣ?”

ಎಡಗೈ ಅಕ್ಕ ಎಂದರೆ ಆ ಅಂಗಡಿಯಲ್ಲಿ ಬಹುಕಾಲ ರಫೂ ಮಾಡಿದ ಹೆಂಗಸು. ಅವಳು ಹಿಂದೆ ರಫೂ ಮಾಡಿದ್ದ ಕೋಟೊಂದು ಅವತ್ತು ಮೇಜಿನ ಮೇಲಿತ್ತು. ಅತ್ತೆ ಕೇಳಿ ತೆಗೆದುಕೊಂಡು ಒಳಮೈ ತಿರುವಿದಳು. ಬಲಗೈಯವರು ಬಲದಿಂದ ಎಡಕ್ಕೆ ನೇಯ್ದು ಹೋಗುತ್ತಾರೆ. ಇದು ಎಡದಿಂದ ಬಲಕ್ಕೆ ಹೋಗಿತ್ತು. ಕೊನೆಯ ಎಳೆಯನ್ನು ಬಿಗಿಯಾಗಿ ಜಗ್ಗಿದ್ದರಿಂದ ಒಂದು ಮೂಲೆಯಲ್ಲಿ ಸಣ್ಣ ಗುಳಿ ಬಿದ್ದಿತ್ತು, ನಗುವ ಕೂಸಿನ ಕೆನ್ನೆಯಲ್ಲಿ ಬೀಳುವಂಥದ್ದು.

“ಆ ಗುಳಿ ಮುಟ್ಟಿ ನೋಡಿನೇ ಗಿರಾಕಿಗಳು ಬಟ್ಟೆ ತಗೊಳ್ಳೋದು. ಅಂಗಡಿ ಮುದ್ರೆ ಇದ್ದ ಹಾಗೆ” ಎಂದ ಇಸ್ತ್ರಿ ಮಾಮ.

ಅತ್ತೆಗೆ ರಫೂ ಬರುತ್ತಿತ್ತು. ಮನೆಯ ಕಂಬಳಿ, ಅಪ್ಪನ ಪ್ಯಾಂಟು ಎಂದು ಅಜ್ಜಿಯೇ ಚಿಕ್ಕಂದಿನಲ್ಲಿ ಕಲಿಸಿದ್ದಳು. ಅಜ್ಜಿಯ ಪಾಠ ಗುಳಿಗೆ ನೇರ ವಿರುದ್ಧ. “ಎಳೆದು ಕೊಲ್ಲಬೇಡ ಕಣೇ, ಬಟ್ಟೆಗೂ ಉಸಿರಾಡೋಕೆ ಜಾಗ ಬಿಡು” ಎನ್ನುತ್ತಿದ್ದಳು.

ಯಜಮಾನರು ಬಂದರು. ಸಣಕಲು ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಿದ್ದರು. ಏನು ಬರುತ್ತೆ ಎಂದು ಅವರು ಕೇಳಲಿಲ್ಲ. ಸುಟ್ಟು ತೂತಾದ ಒಂದು ಪ್ಯಾಂಟನ್ನು ಮುಂದಿಟ್ಟು ಒಳಗೆ ಹೋದರು.

ಅತ್ತೆ ಆ ಹೊತ್ತಿನಲ್ಲಿ ಯೋಚಿಸಿದ್ದು ಒಂದೇ: ಈ ಸಲ ಬರಿಗೈಯಲ್ಲಿ ಮನೆಗೆ ಹೋಗಬಾರದು. ಅವಳು ಬಟ್ಟೆಯನ್ನು ತಲೆಕೆಳಗಾಗಿ ತಿರುಗಿಸಿಟ್ಟುಕೊಂಡಳು. ಹಾಗೆ ಮಾಡಿದರೆ ಬಲಗೈಯ ನೇಯ್ಗೆಯೂ ಎಡಗೈಯದರಂತೆ ಕಾಣುತ್ತದೆ. ಕೊನೆಯ ಎಳೆ ಬಂದಾಗ ಹೆಬ್ಬೆರಳನ್ನು ಕೋಲಿನಂತೆ ಸೆಟೆಸಿ ಜಗ್ಗಿದಳು. ಗುಳಿ ಬಿತ್ತು.

ಯಜಮಾನರು ಬಟ್ಟೆ ಎತ್ತಿಕೊಂಡು ಬೆರಳಾಡಿಸಿದರು. ಬೆರಳು ಮೂಲೆಗೆ ಬಂದು ನಿಂತಿತು. ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತುಬಿಟ್ಟರು.

“ನಾಳೆಯಿಂದ ಬಾ. ಚಳಿಗಾಲ ಮುಗಿಯೋವರೆಗೆ ನೋಡೋಣ. ಕೈ ಹೀಗೇ ಇದ್ರೆ ಖಾಯಂ.”

ಅವತ್ತು ಅತ್ತೆ ಚಪ್ಪಲಿ ಬಿಟ್ಟ ಸದ್ದಿಗೆ ಅಜ್ಜಿ ಒಳಗಿನಿಂದಲೇ, “ಸಿಕ್ತಾ?” ಎಂದು ಕೂಗಿದಳು. ಸಿಕ್ಕಿತು ಎಂದಳು ಅತ್ತೆ. “ನಮ್ಮಮ್ಮ ಕಲಿಸಿದ್ದು ಅಂದೆ ತಾನೇ?” ಎಂದು ಅಜ್ಜಿ ಕೇಳಿದಾಗ ಮಾತ್ರ ಅವಳು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು.

ಅವಳಿಗೆ ಕೊಟ್ಟದ್ದು ಕಿಟಕಿ ಪಕ್ಕದ ಅಕ್ಕನ ಜಾಗ. ಕುರ್ಚಿಯ ದಿಂಬು ಎಡಗಡೆಗೆ ತಗ್ಗಿತ್ತು, ಕೂತರೆ ಮೈ ತಾನಾಗಿ ಆ ಕಡೆ ವಾಲುತ್ತಿತ್ತು. ಮೇಜಿನ ಖಾನೆಯಲ್ಲಿದ್ದ ಕತ್ತರಿ ಎಡಗೈಯವರದು. ಬಲಗೈಯಲ್ಲಿ ಹಿಡಿದರೆ ನೂಲನ್ನು ಕತ್ತರಿಸದೆ ಜಗಿಯುತ್ತಿತ್ತು. ಬೇರೆ ಕತ್ತರಿ ಕೇಳಲು ಅತ್ತೆಗೆ ಭಯ. ಎಡಗೈಯಲ್ಲೇ ಕತ್ತರಿಸಲು ಕಲಿತಳು.

ಕುರ್ಚಿಯ ಹಿಂದೆ, ಗೋಡೆಯ ಮೊಳೆಗೆ, ಬೂದು ಬಣ್ಣದ ಒಂದು ಸ್ವೆಟರ್ ನೇತಾಡುತ್ತಿತ್ತು. ಕೊನೆಯ ದಿನ ಬಿಸಿಲು ಚೆನ್ನಾಗಿದೆ ಎಂದು ಅಕ್ಕ ಅದನ್ನು ಅಲ್ಲೇ ಬಿಟ್ಟು ಹೋಗಿದ್ದಳಂತೆ. ರಾತ್ರಿ ಜ್ವರ ಬಂತು, ಮತ್ತೆ ಬರಲಿಲ್ಲ. ಅದರ ಎಡ ಮೊಣಕೈ ಹರಿದು ಬಾಯಿ ಬಿಟ್ಟಿತ್ತು.

“ಊರೆಲ್ಲರ ತೂತು ಮುಚ್ಚಿದಳು, ತನ್ನದಕ್ಕೆ ನಾಳೆ ನಾಳೆ ಅಂದಳು” ಎಂದ ಇಸ್ತ್ರಿ ಮಾಮ. “ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ.”

“ತೆಗೆದಿಡಬಾರದಾ ಮಾಮ?”

“ನೀನೇ ಕೇಳು ಯಜಮಾನ್ರನ್ನ. ನನಗಿನ್ನೂ ಸಂಬಳ ಬೇಕು.”

ಸಂಜೆ ಕಿಟಕಿಯ ಬೆಳಕು ಕರಗುವ ಹೊತ್ತು ಅತ್ತೆಗೆ ಆಗುತ್ತಿರಲಿಲ್ಲ. ಅಷ್ಟು ವರ್ಷ ಅಕ್ಕನ ಮೈಮೇಲಿದ್ದ ಸ್ವೆಟರಿನ ತೋಳು ಮೊಣಕೈಯಲ್ಲಿ ಮಡಚಿದಂತೆಯೇ ಉಳಿದಿತ್ತು. ಒಳಗೆ ಕೈ ಇಲ್ಲ, ಆದರೆ ಹೊಲಿಯುತ್ತಿರುವವಳ ಭಂಗಿ ಇತ್ತು. ಹಿಂದಕ್ಕೆ ಒರಗಿದರೆ ಅದರ ತುದಿ ಕೂದಲಿಗೆ ತಾಕುತ್ತಿತ್ತು. ಮೊದಲು ಬಂದವರು ಯಾಕೆ ಓಡಿದರೆಂದು ಆಗ ಅವಳಿಗೆ ಅರ್ಥವಾಯಿತು. ಅವಳು ಒರಗುವುದನ್ನೇ ಬಿಟ್ಟಳು.

ಗಿರಾಕಿಗಳು ತಿರುಗಿ ಬಂದರು. ಕೋಟು ಕೈಗೆ ಬಂದೊಡನೆ ಮೂಲೆ ಮುಟ್ಟಿ, “ಅಬ್ಬ, ಅವಳು ಹೋಗೇ ಇಲ್ಲ ಅನ್ಸುತ್ತೆ” ಎನ್ನುತ್ತಿದ್ದರು. ಒಳ್ಳೆಯ ಮಾತೇ. ಆದರೆ ಮಾತು ಅತ್ತೆಯ ಕಡೆಗೆ ಬರುತ್ತಿರಲಿಲ್ಲ, ಅವಳ ಭುಜದ ಮೇಲಿಂದ ಹಾದು ಗೋಡೆಯ ಮೊಳೆಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಯಜಮಾನರು ರಸೀದಿ ಬರೆಯುತ್ತಾ, ತಲೆ ಎತ್ತದೆ, “ಅಕ್ಕಾ, ಆ ಕಂದು ಕೋಟು ಆಯ್ತಾ?” ಎಂದರು. ಅವರ ಮಗಳ ವಯಸ್ಸಿನ ಅತ್ತೆ, “ಆಯ್ತು” ಎಂದಳು. ಉತ್ತರ ಕೊಟ್ಟ ಮೇಲೆ ಅವಳ ಸೂಜಿ ಬಟ್ಟೆಯಲ್ಲೇ ನಿಂತಿತು. ಕರೆದದ್ದಕ್ಕೆ ಅಲ್ಲ, ತಾನು ಓಗೊಟ್ಟದ್ದಕ್ಕೆ.

ಮನೆಯಲ್ಲಿ ಮೊದಲು ಗಮನಿಸಿದ್ದು ಅಜ್ಜಿ. ಅತ್ತೆ ಕಾಫಿ ಲೋಟ ಹಿಡಿದರೆ ಹೆಬ್ಬೆರಳು ಮಡಚದೆ ನೆಟ್ಟಗೆ ನಿಲ್ಲುತ್ತಿತ್ತು.

“ಏನೇ ಅದು, ಬೆರಳು ಯಾರಿಗೋ ಸಲಾಮು ಹೊಡೀತಿದೆ?”

“ಚಳಿ ಕಣಮ್ಮ.”

“ಚಳಿ ಒಂದೇ ಬೆರಳಿಗಾ?”

ಇನ್ನೊಂದು ದಿನ ನನ್ನ ಲಂಗದ ಅಂಚು ಹೊಲಿದು, ಅತ್ತೆ ಎಡಗೈಯಲ್ಲಿ ಕತ್ತರಿ ತೆಗೆದುಕೊಂಡಳು. ಮನೆಯದು ಬಲಗೈ ಕತ್ತರಿ, ಎಡಗೈಯಲ್ಲಿ ಹಿಡಿದಾಗ ನೂಲನ್ನು ಜಗಿಯಿತು. ಅವಳು ಅದನ್ನೇ ನೋಡುತ್ತಾ ಕೂತಳು. ಅಜ್ಜಿ ಕತ್ತರಿಯನ್ನು ತೆಗೆದು ಅವಳ ಬಲಗೈಯಲ್ಲಿಟ್ಟಳು.

ಚಳಿಗಾಲ ಮುಗಿಯುತ್ತಾ ಬಂದಿತ್ತು. ಇನ್ನು ಖಾಯಂ ಮಾಡುವ ಮಾತು ಬರಬೇಕು ಎನ್ನುವಾಗ ಎಡಗೈ ಅಕ್ಕನ ತಂಗಿ ಅಂಗಡಿಗೆ ಬಂದಳು. ವಯಸ್ಸಾದ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ. ಯಜಮಾನರು ಬ್ಯಾಂಕಿಗೆ ಹೋಗಿದ್ದರು.

“ನಮ್ಮಕ್ಕನ ಕೈಯೇ ಮತ್ತೆ ಬಂದಿದೆ ಅಂತ ಪೇಟೆಲೆಲ್ಲ ಹೇಳ್ತಿದ್ದಾರೆ. ನೋಡೋಣ ಅಂತ ಬಂದೆ” ಎಂದಳು.

ಅತ್ತೆ ಹೆಮ್ಮೆಯಿಂದಲೇ ಒಂದು ಕೋಟು ಕೊಟ್ಟಳು. ಆ ಹೆಂಗಸು ಮೂಲೆ ಮುಟ್ಟಿದಳು. ಅವಳ ಮುಖ ಅರಳಲಿಲ್ಲ.

“ಹೆಬ್ಬೆರಳು ತೋರಿಸು.”

ಅತ್ತೆ ತೋರಿಸಿದಳು. ಆಕೆ ಅದನ್ನು ಹಿಡಿದು ಮೆಲ್ಲಗೆ ಮಡಚಿ ಬಿಡಿಸಿ ನೋಡಿದಳು.

“ಚೆನ್ನಾಗೇ ಇದೆಯಲ್ಲಮ್ಮ! ನಮ್ಮಕ್ಕನ ಬೆರಳು ಬಾಗಿಲಿಗೆ ಸಿಕ್ಕಿ ಮುರಿದಿತ್ತು. ಆಮೇಲೆ ಮಡಚೋಕೆ ಆಗಲಿಲ್ಲ. ಕೊನೆ ಎಳೆ ಸಡಿಲ ಬಿಡೋಕೆ ಬೆರಳು ಬಗ್ಗಬೇಕು, ಬಗ್ಗಿಸೋಕೆ ಹೋದ್ರೆ ನೋವಿಗೆ ಜೀವ ಹೋಗೋದು, ಅದಕ್ಕೇ ಜಗ್ಗಿಬಿಡೋಳು. ಆ ಗುಳಿ ಕಂಡ್ರೆ ಅವಳಿಗೆ ಆಗ್ತಿರಲಿಲ್ಲ. ಜನ ಹೊಗಳಿದ್ರೆ ಮನೆಗೆ ಬಂದು ಅಳೋಳು.” ಅತ್ತೆಯ ಬೆರಳು ಬಿಡದೆ ಕೇಳಿದಳು, “ಅವಳಿಗೆ ನೋವಿತ್ತು. ನಿನಗೇನಾಗಿದೆ?”

ಅತ್ತೆ ಬೆರಳನ್ನು ಹಿಂದಕ್ಕೆ ಎಳೆದುಕೊಂಡಳು. ಇಸ್ತ್ರಿ ಮಾಮ ಪೆಟ್ಟಿಗೆ ಕೆಳಗಿಟ್ಟ.

ಹೊರಡುವ ಮುನ್ನ ಆಕೆ ಸ್ವೆಟರ್ ಕಡೆ ನೋಡಿದಳು. “ಅದನ್ನ ಕೊಡಿ ಅಂದ್ರೆ ನಿಮ್ಮ ಯಜಮಾನ್ರು ‘ಇರಲಿ, ಇರಲಿ’ ಅಂತಾರೆ. ಆ ಮೊಣಕೈ ಒಂದು ಮುಚ್ಚಿಕೊಡ್ತೀಯಾ? ನಾಳೆ ಬರ್ತೀನಿ. ಹರಿದ ತೋಳಲ್ಲಿ ಅವಳು ಇನ್ನೆಷ್ಟು ದಿನ ನೇತಾಡಬೇಕು?”

ಆಕೆ ಹೋದ ಮೇಲೆ ಅತ್ತೆ ಸ್ವೆಟರ್ ಕಡೆ ತಿರುಗಿದಳು. ಸ್ವೆಟರ್ ಮುಟ್ಟಿದರೆ ಯಜಮಾನರು ಏನನ್ನುತ್ತಾರೋ. ತನ್ನ ಕೈಯಲ್ಲೇ ಮುಚ್ಚಿದರೆ ಅವರು ನಂಬಿದ ಕೈ ತನ್ನದಲ್ಲ ಎಂದು ಗೊತ್ತಾಗುತ್ತದೆ, ಖಾಯಂ ಮಾತು ಅಲ್ಲಿಗೇ ಮುಗಿಯುತ್ತದೆ. ಗುಳಿ ಹಾಕಿ ಮುಚ್ಚೋಣವೆಂದರೆ ಅವಳ ಬೆರಳು ಒಪ್ಪಲಿಲ್ಲ. ಸತ್ತವಳ ನೋವನ್ನು ಸತ್ತವಳ ತೋಳಿಗೇ ಹೊಲಿಯುವುದು ಹೇಗೆ?

ಅವಳು ಸ್ವೆಟರ್ ಇಳಿಸಿದಳು. ಯಾರೂ ತೊಡದೆ ಅಷ್ಟು ದಿನವಾಗಿದ್ದರೂ ಬಿಸಿಲಿಗೆ ಅದು ಬೆಚ್ಚಗಿತ್ತು. ಒಳ ಅಂಚಿನಿಂದ ಉಣ್ಣೆ ಎಳೆದುಕೊಂಡು, ಬಟ್ಟೆಯನ್ನು ನೇರವಾಗಿಯೇ ಹಿಡಿದು, ಬಲದಿಂದ ಎಡಕ್ಕೆ ಅಜ್ಜಿ ಕಲಿಸಿದಂತೆ ಹೋದಳು. ಹೆಬ್ಬೆರಳು ಪ್ರತಿ ಸಾಲಿಗೂ ಸೆಟೆಯಿತು. ಪ್ರತಿ ಸಾಲಿಗೂ ಅದನ್ನು ಬಗ್ಗಿಸಿದಳು. ಹಿಂದೆ ಬರಿಯ ಮೊಳೆ. ಆದರೂ ಯಾರೋ ಬಾಗಿ ನೋಡುತ್ತಿದ್ದಾರೆ, ಉಸಿರು ಕತ್ತಿಗೆ ತಾಗುತ್ತಿದೆ ಅನಿಸಿತಂತೆ. ಅವಳು ತಿರುಗಿ ನೋಡಲಿಲ್ಲ. ಕೊನೆಯ ಎಳೆಯನ್ನು ಸಡಿಲ ಬಿಟ್ಟಳು.

ಯಜಮಾನರು ಬಂದು ಮೊದಲು ನೋಡಿದ್ದು ಮೊಳೆಯನ್ನು. ಆಮೇಲೆ ಮೇಜಿನ ಮೇಲಿದ್ದ ಸ್ವೆಟರ್. ಕನ್ನಡಕ ಏರಿಸಿ, ಮೊಣಕೈಯನ್ನು ಬೆಳಕಿಗೆ ಹಿಡಿದು ಬೆರಳಾಡಿಸಿದರು. ಮೂಲೆಗೆ ಹೋದ ಬೆರಳು ಅಲ್ಲಿ ನಿಲ್ಲದೆ ಜಾರಿ ಆಚೆ ಹೋಯಿತು. ಮತ್ತೆ ತಂದರು. ಮತ್ತೆ ಜಾರಿತು.

“ಗುಳಿ ಇಲ್ಲ.”

“ಇಲ್ಲ.”

“ಇದು ಯಾರ ಕೈ?”

“ನಂದು. ಇಷ್ಟು ದಿನ ಮಾಡಿದ್ದು ಅಕ್ಕನ ಕೈ ನೋಡಿ ಕಲಿತದ್ದು. ಅದು ಅವರ ಮುರಿದ ಬೆರಳಿಂದ ಬೀಳ್ತಿದ್ದ ಗುಳಿಯಂತೆ. ಅವರ ತಂಗಿ ಬಂದಿದ್ರು. ಇನ್ನು ನನ್ನಿಂದ ಅದು ಆಗಲ್ಲ ಯಜಮಾನ್ರೇ.”

“ಹಾಗಾದ್ರೆ ನಾನು ಕೆಲಸ ಕೊಟ್ಟಿದ್ದು ನಿನಗಲ್ಲ” ಎಂದರು ಅವರು.

ಅತ್ತೆ ತನ್ನ ಚೀಲ ಎತ್ತಿಕೊಂಡಳು. ಆಗ ಇಸ್ತ್ರಿ ಮಾಮ ಗಂಟಲು ಸರಿಮಾಡಿಕೊಂಡು, “ಅಕ್ಕ ಪ್ರತಿ ಸಂಜೆ ಬೆರಳು ಕಾಯಿಸ್ಕೊಳ್ಳೋಕೆ ನನ್ನ ಇಸ್ತ್ರಿ ಪೆಟ್ಟಿಗೆ ಹತ್ರ ಬರೋಳು. ಚಳಿಗೆ ಅಂತ ತಿಳ್ಕೊಂಡಿದ್ದೆ ನಾನು. ದಡ್ಡ ನನ್ಮಗ” ಎಂದ. ತನ್ನನ್ನೇ ಬೈದುಕೊಂಡದ್ದು. ಆದರೆ ಯಜಮಾನರು ಕನ್ನಡಕ ತೆಗೆದು ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತುಬಿಟ್ಟರು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

ಕೊನೆಗೆ ಅವರು ಗೋಡೆಯ ಕಪಾಟಿನಿಂದ ಹರಿದ ಕೋಟೊಂದನ್ನು ತಂದು ಮೇಜಿನ ಮೇಲಿಟ್ಟರು.

“ಕೂತ್ಕೋ. ಇದನ್ನ ಮಾಡು, ನಿನ್ನ ಕೈಲಿ. ನಾನು ನೋಡ್ತೀನಿ.”

ಈ ಸಲ ಅವರು ಒಳಗೆ ಹೋಗಲಿಲ್ಲ. ಎದುರಿಗೇ ಕೂತರು. ಬಟ್ಟೆಯನ್ನಲ್ಲ, ಅತ್ತೆಯ ಬೆರಳನ್ನು ನೋಡುತ್ತಿದ್ದರು.

ಕೆಲಸ ಖಾಯಂ ಆಯಿತು. ಮರುದಿನ ಬಂದ ಅಕ್ಕನ ತಂಗಿ ಸ್ವೆಟರನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಕೆಲವು ಗಿರಾಕಿಗಳು ಗುಳಿ ಸಿಗದೆ ಬೇರೆ ಅಂಗಡಿ ಹುಡುಕಿಕೊಂಡರು, ಉಳಿದವರು ಉಳಿದರು. ಅತ್ತೆ ಹೊಸ ಕತ್ತರಿ ಕೇಳಿ ತರಿಸಿಕೊಂಡಳು. ಒಂದು ಇಡೀ ಕೋಟು ತನ್ನ ಕೈ ದಾಟಿ, ಯಾರದೋ ಮೈಮೇಲೆ ಬೀದಿ ತಿರುಗಿ ಹೋಗುವುದನ್ನು ಕಿಟಕಿಯಿಂದ ನೋಡುವುದೆಂದರೆ ಅವಳಿಗೆ ಈಗಲೂ ಹಬ್ಬ. ಆದರೆ ಆ ಮೊಳೆಗೆ ಅವಳು ಏನನ್ನೂ ನೇತುಹಾಕುವುದಿಲ್ಲ, ಕುರ್ಚಿಗೆ ಒರಗುವುದೂ ಇಲ್ಲ. ಎಡಗೈ ಕತ್ತರಿಗೆ ಆಗಾಗ ಎಣ್ಣೆ ಬಿಡುತ್ತಾಳೆ. ಯಾರಿಗೆ ಎಂದು ಕೇಳಿದರೆ, “ಅವರ ಸಾಮಾನು, ತುಕ್ಕು ಹಿಡೀಬಾರದು” ಎನ್ನುತ್ತಾಳೆ.

ಇನ್ನೂ ಒಂದಿದೆ. ಒಮ್ಮೊಮ್ಮೆ ಯಾರಾದರೂ ಹಳೆಯ ಕೋಟು ತರುತ್ತಾರೆ, ಹಳೆಯ ರಫೂ ಪಕ್ಕದಲ್ಲೇ ಮತ್ತೆ ಹರಿದಿರುತ್ತದೆ. ಅತ್ತೆ ಒಳಮೈ ತಿರುವುತ್ತಾಳೆ. ಎಡದಿಂದ ಬಲಕ್ಕೆ ಹೋದ ಎಳೆ, ಮೂಲೆಯಲ್ಲಿ ಗುಳಿ. ಇದು ಅಕ್ಕ ಮಾಡಿದ್ದೋ, ಆ ಚಳಿಗಾಲದಲ್ಲಿ ತಾನೇ ಮಾಡಿದ್ದೋ? ಎಷ್ಟು ಹೊತ್ತು ನೋಡಿದರೂ ಅವಳಿಗೆ ಗೊತ್ತಾಗುವುದಿಲ್ಲ. ಅವಳ ಹೆಬ್ಬೆರಳು ಮೆಲ್ಲಗೆ ಸೆಟೆಯುತ್ತದೆ. ಅದನ್ನು ಬಗ್ಗಿಸಿಕೊಂಡು, ಗುಳಿಯನ್ನು ಮುಟ್ಟದೆ, ಅದರ ಪಕ್ಕದಿಂದ ಹೊಸ ಎಳೆ ಶುರುಮಾಡುತ್ತಾಳೆ.