ಮಾಸ್ಟ್ರ ತೂಕ, ನನ್ನ ಟೇಪು

ನನ್ನ ಗಂಡ ತೀರಿಹೋಗುವ ಹಿಂದಿನ ದಿನ ಭಾನುವಾರ. ನಮ್ಮಲ್ಲಿ ಭಾನುವಾರವೆಂದರೆ ತೂಕದ ದಿನ.

ನಮ್ಮ ಮನೆಯ ಬೆನ್ನಿಗೆ ಅಂಟಿಕೊಂಡು ಒಂದು ತಗಡಿನ ಶೆಡ್ಡು ಇದೆ. ಮೊದಲು ಅಲ್ಲಿ ಯಾರೋ ಸೋಡಾ ಬಾಟಲಿ ತುಂಬುತ್ತಿದ್ದರು. ಅದು ಮುಚ್ಚಿದ ಮೇಲೆ ನನ್ನ ಗಂಡ ಬಾಡಿಗೆಗೆ ಹಿಡಿದು ಜಿಮ್ ಮಾಡಿದರು. ಕನ್ನಡಿ ಇಲ್ಲ, ಹಾಡು ಇಲ್ಲ. ಒಂದು ಫ್ಯಾನು, ಅದೂ ಮನಸ್ಸು ಬಂದರೆ ತಿರುಗುತ್ತದೆ. ಕಬ್ಬಿಣದ ರಾಡುಗಳು, ಅವಕ್ಕೆ ಸಿಕ್ಕಿಸುವ ಭಾರದ ತಟ್ಟೆಗಳು, ಎರಡು ಬೆಂಚು, ಮೂಲೆಯಲ್ಲಿ ಮೂಟೆ ತೂಗುವ ಹಳೆಯ ಯಂತ್ರ. ಎಲ್ಲರೂ ಅವರನ್ನು ಮಾಸ್ಟ್ರು ಎಂದು ಕರೆಯುತ್ತಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಹಿಂದೆ ಕಬ್ಬಿಣದ ಸದ್ದು, ಮುಂದೆ ಮಿಷನ್ನಿನ ಸದ್ದು, ಮಧ್ಯೆ ಅಡುಗೆಮನೆ. ಇಷ್ಟೇ ನಮ್ಮ ಸಂಸಾರ.

ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಬರುವವರೆಲ್ಲ ಒಬ್ಬೊಬ್ಬರಾಗಿ ಯಂತ್ರದ ಮೇಲೆ ನಿಲ್ಲಬೇಕು. ಮಾಸ್ಟ್ರು ಮುಳ್ಳು ನೋಡಿ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಿದ್ದರು. ತೂಕ ಹೆಚ್ಚಿದವನಿಗೆ ಚಪ್ಪಾಳೆ. ಇಳಿದವನಿಗೆ, "ಏನಪ್ಪಾ, ಮನೇಲಿ ಒಲೆ ಹಚ್ಚೋದು ಬಿಟ್ಟಿದ್ದಾರಾ?" ಆ ಚಪ್ಪಾಳೆಯ ಆಸೆಗೆ ನಮ್ಮ ಬೀದಿಯ ಬೇಕರಿಯವನು ಎರಡು ಬಾಟಲಿ ನೀರು ಕುಡಿದು ಬಂದು ನಿಲ್ಲುತ್ತಿದ್ದ. ಚಪ್ಪಾಳೆ ಮುಗಿಯುವ ಮುಂಚೆಯೇ ಹಿತ್ತಲಿಗೆ ಓಡುತ್ತಿದ್ದ. ಇದು ಎಲ್ಲರಿಗೂ ಗೊತ್ತಿತ್ತು. ಮಾಸ್ಟ್ರಿಗೆ ಗೊತ್ತಿತ್ತೋ ಇಲ್ಲವೋ, ಅವರು ತೋರಿಸಿಕೊಳ್ಳುತ್ತಿರಲಿಲ್ಲ.

ಅವರ ಪಾಠ ಒಂದೇ. "ಮೊದಲು ಊದಬೇಕು, ಆಮೇಲೆ ಇಳಿಸಬೇಕು. ಕೊಬ್ಬು ಬರದೆ ಸ್ನಾಯು ಬರಲ್ಲ. ದೊಡ್ಡ ಕಲ್ಲಿದ್ರೆ ತಾನೇ ಕೆತ್ತೋಕಾಗೋದು?"

ಅವರೂ ಹರೆಯದಲ್ಲಿ ಹಾಗೇ ಊದಿದವರು. ಒಳ್ಳೆಯ ಭಾರ ಎತ್ತುತ್ತಿದ್ದರು, ಸುಳ್ಳಲ್ಲ. ಕೆತ್ತುವ ಕೆಲಸ ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಎಂದು ಉಳಿದೇ ಹೋಯಿತು.

"ಕಲ್ಲು ಬಂದು ಬಿದ್ದು ಎಷ್ಟು ವರ್ಷ ಆಯ್ತು ರೀ, ಶಿಲ್ಪಿ ಯಾವಾಗ ಬರ್ತಾನೆ?" ಎಂದು ನಾನು ಅವರ ಹೊಟ್ಟೆ ತಟ್ಟುತ್ತಿದ್ದೆ.

"ಬರ್ತಾನೆ ಕಣೇ. ದಾರೀಲಿದ್ದಾನೆ."

ನನಗೆ ಓದು ಅಷ್ಟಕ್ಕಷ್ಟೆ. ಆದರೆ ಶೆಡ್ಡಿನವರ ಬಟ್ಟೆ ಎಲ್ಲ ನನ್ನ ಹತ್ತಿರವೇ ಬರುತ್ತಿತ್ತು. ಚಪ್ಪಾಳೆ ತೆಗೆದುಕೊಂಡವನು ಮರುವಾರವೇ ಪ್ಯಾಂಟು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. "ಅಕ್ಕಾ, ಸೊಂಟ ಸ್ವಲ್ಪ ಬಿಡಿಸಿಕೊಡಿ." ಅಂಗಿಯ ಭುಜ ಬಿಗಿಯಾಯಿತೆಂದು ಬಂದವರು ಅಪರೂಪ. ಈ ವಿಷಯಕ್ಕೆ ನಮ್ಮಿಬ್ಬರಿಗೂ ಸದಾ ಜಟಾಪಟಿ. ಅವರು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಮಾತು ಮಗಳವರೆಗೆ ಬಂದಾಗ ಅದು ಜಗಳವಾಯಿತು.

ನಮಗೆ ಒಬ್ಬಳೇ ಮಗಳು. ತೆಳ್ಳಗೆ, ಉದ್ದಕ್ಕೆ. ಶೆಡ್ಡಿನಲ್ಲಿ ಅವಳ ಹೆಸರೇ ಕಡ್ಡಿ. ಅವಳಿಗೆ ಅಗ್ನಿಶಾಮಕ ದಳ ಸೇರುವ ಹುಚ್ಚು. ಅಲ್ಲಿಯ ಪರೀಕ್ಷೆಯಲ್ಲಿ, ಆಳೆತ್ತರದ ಮರಳಿನ ಗೊಂಬೆಯನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಬೇಕು. ಮೊದಲ ಸಲ ಹೋದಾಗ ಗೊಂಬೆ ನೆಲ ಬಿಟ್ಟು ಏಳಲೇ ಇಲ್ಲ. ಇನ್ನೊಂದೇ ಅವಕಾಶ. ಅದು ತಪ್ಪಿದರೆ ವಯಸ್ಸು ಮೀರುತ್ತದೆ.

ಅಪ್ಪ ಮಗಳು ಟೊಂಕ ಕಟ್ಟಿ ನಿಂತರು. ಮಾಸ್ಟ್ರ ಹಳೆಯ ಪ್ಯಾಂಟು, ಕೋಟು ಸೇರಿಸಿ ನಾನೇ ಒಂದು ಗೊಂಬೆ ಹೊಲಿದುಕೊಟ್ಟೆ. ಅವರು ಮರಳು ತುಂಬಿದರು. ಮುಗಿದ ಮೇಲೆ ನೋಡಿದರೆ ಥೇಟು ಅವರ ತಮ್ಮನ ಹಾಗೆ ಕೂತಿತ್ತು. ಮಗಳು ಅದಕ್ಕೆ ಚಿಕ್ಕಪ್ಪ ಎಂದು ಹೆಸರಿಟ್ಟಳು. ಪಕ್ಕದ ಗೋದಾಮಿಗೆ ಹೊರಗಡೆಯಿಂದ ಕಬ್ಬಿಣದ ಮೆಟ್ಟಿಲಿದೆ. ಕಾವಲುಗಾರ ಬೇಡ ಎನ್ನಲಿಲ್ಲ. ದಿನಾ ಸಂಜೆ ಚಿಕ್ಕಪ್ಪನ ಸವಾರಿ ಅಲ್ಲಿಗೆ. ಜೊತೆಗೆ ಮಗಳಿಗೆ ರಾತ್ರಿ ಎರಡು ಊಟ. ಒಂದು ಹಸಿವಿಗೆ, ಇನ್ನೊಂದು ಮಾಸ್ಟ್ರ ಕಲ್ಲಿಗೆ. ಅವಳು ಕಣ್ಣಲ್ಲಿ ನೀರು ಹಾಕಿಕೊಂಡು ನುಂಗುತ್ತಿದ್ದಳು.

ಅವರ ಕೊನೆಯ ಆ ಭಾನುವಾರ ಅವಳಿಗೆ ಎಲ್ಲರಿಗಿಂತ ದೊಡ್ಡ ಚಪ್ಪಾಳೆ. ಆಮೇಲೆ ಮೆಟ್ಟಿಲ ಹತ್ತಿರ ಹೋದೆವು. ಚಿಕ್ಕಪ್ಪ ಹೆಗಲಿಗೆ ಏರಿದ. ಮೊದಲ ಮಹಡಿ ದಾಟಿತು. ಎರಡನೆಯ ತಿರುವಿನಲ್ಲಿ ಮಗಳು ಅವನನ್ನು ಕೆಳಗಿಟ್ಟು, ಪಕ್ಕದಲ್ಲೇ ಕೂತಳು. ಮುಖ ಕೆಂಡದಂತಾಗಿತ್ತು, ಉಸಿರು ಸಿಗುತ್ತಿರಲಿಲ್ಲ.

"ಇನ್ನೂ ಸ್ವಲ್ಪ ತೂಕ ಬರಲಿ, ಎಲ್ಲಾ ಸರಿಹೋಗುತ್ತೆ," ಎಂದರು ಅವರು ಕೆಳಗಿನಿಂದ.

"ಚಿಕ್ಕಪ್ಪನ ಜೊತೆ ತನ್ನ ಹೊಟ್ಟೇನೂ ಹೊತ್ತು ಹತ್ತಬೇಕಲ್ರೀ ಅವಳು," ಎಂದೆ ನಾನು.

ಅವರು ತಿರುಗಿ ಶೆಡ್ಡಿನ ಕಡೆ ನಡೆದರು.

ಮಧ್ಯಾಹ್ನ ಮಗಳು ಮಲಗಿದ್ದಳು. ಅವರು ನನ್ನ ಹೊಲಿಗೆ ಕೋಣೆಗೆ ಬಂದು ನಿಂತರು. ಅವರು ಅಲ್ಲಿಗೆ ಬರುವುದು ಗುಂಡಿ ಬಿದ್ದಾಗ ಮಾತ್ರ. "ಅವಳ ಹಳೇ ಶರ್ಟು ಇದೆಯಾ?" ಎಂದರು. ಹಳೆಯದನ್ನು ಹಾಸಿ, ಮೊನ್ನೆ ಹೊಲಿದ ಹೊಸದನ್ನು ಅದರ ಮೇಲೆ ಹರಡಿದೆ. ಹೊಲಿಗೆಗೆ ಹೊಲಿಗೆ ಕೂಡಿಸಿದೆ. ತೋಳು ಹೆಚ್ಚು ಕಡಿಮೆ ಒಂದೇ. ಸೊಂಟ ಎರಡೂ ಕಡೆ ಎರಡೆರಡು ಬೆರಳು ಆಚೆ ಹೋಗಿತ್ತು. ಅವರು ತಮ್ಮ ದಪ್ಪ ಬೆರಳುಗಳನ್ನು ಆ ಜಾಗದಲ್ಲಿ ಇಟ್ಟು ನೋಡಿದರು.

"ತೋಳು ಇಷ್ಟೇನಾ?"

"ಇಷ್ಟೇ."

"ತೂಕ ಅಷ್ಟೊಂದು ಬಂದಿದೆಯಲ್ಲೇ."

"ಬಂದಿದೆ. ಎಲ್ಲಿಗೆ ಬಂದಿದೆ ನೋಡಿ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ಟೈಲರನ್ನ ಕಟ್ಕೊಂಡ್ರೆ ಇದೇ ತಾಪತ್ರಯ. ನಾಳೆಯಿಂದ ಎರಡನೇ ಊಟ ನಿಲ್ಸೋಣ. ನಾಳೆ ನಾನೇ ಹೇಳ್ತೀನಿ ಅವಳಿಗೆ. ನೀನು ಬಾಯಿ ಬಿಡಬೇಡ."

ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಶೆಡ್ಡಿನ ಶಟರ್ ಎತ್ತಲು ಹೋದರು. ಅರ್ಧ ಎತ್ತಿದ ಸದ್ದು ಕೇಳಿಸಿತು. ಇನ್ನರ್ಧ ಕೇಳಿಸಲಿಲ್ಲ. ಹೋಗಿ ನೋಡಿದರೆ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೈಯಲ್ಲಿ ರಾಡು ಒರೆಸುವ ಬಟ್ಟೆ ಹಾಗೇ ಇತ್ತು. ಅಷ್ಟೇ. ಕೊಬ್ಬೇ ಕೊಂದಿತೆಂದು ಬೀದಿಯವರು ಮಾತಾಡಿಕೊಂಡರು. ಡಾಕ್ಟರು ಹಾಗೆ ಹೇಳಲಿಲ್ಲ. ಮಾಸ್ಟ್ರ ಅಪ್ಪ ಕಡ್ಡಿಯಂತಿದ್ದರು. ಅವರೂ ಅದೇ ವಯಸ್ಸಿಗೆ ಹೀಗೇ ಹೋದವರು. ಎದೆಯ ದೋಷ ಮನೆತನದ್ದು ಎಂದರು ಡಾಕ್ಟರು.

ಮಗಳು ಅತ್ತಳು, ಆಮೇಲೆ ಊಟಕ್ಕೆ ಕೂತಳು. ಒಂದು ತಟ್ಟೆ, ಅದರ ಮೇಲೆ ಇನ್ನೊಂದು. ಅಪ್ಪ ಹೇಳಿದ್ದನ್ನು ಅವಳು ಒಂದಗುಳೂ ಬಿಡಲಿಲ್ಲ. ನನ್ನ ಕೈಲಿ ನೋಡಲಾಗಲಿಲ್ಲ. ಕೊನೆಗೆ ಹೇಳಿದೆ.

"ಸಾಕು ಮಗಳೇ. ಇದನ್ನ ನಿಲ್ಸೋಣ ಅಂತ ಅಪ್ಪನೇ ಅಂದಿದ್ರು. ಹಿಂದಿನ ದಿನ. ನೀನು ಮಲಗಿದ್ದೆ."

ಅವಳು ತಟ್ಟೆಯಿಂದ ತಲೆ ಎತ್ತಿದಳು. "ಅಪ್ಪ ಹಾಗೆ ಹೇಳೋರೇ ಅಲ್ಲ. ಅವರು ಹೋದ ಮೇಲೂ ನಿಂಗೆ ಅವರ ಮೇಲೆ ಗೆಲ್ಲಬೇಕಾ?"

ಎರಡು ಅಂಗಿಗಳನ್ನೂ ತಂದು ಹಾಸಿದೆ. ಅವಳು ಹಳೆಯದನ್ನು ಕಿತ್ತುಕೊಂಡು ಬೀರುವಿಗೆ ಹಾಕಿ ಬಾಗಿಲು ಬಡಿದಳು. ಬೇಸಿಗೆಗೆ ಪರೀಕ್ಷೆ. ಮೆಟ್ಟಿಲಲ್ಲಿ ಅವಳು ಈಗಲೂ ಎರಡನೆಯ ತಿರುವಿನಲ್ಲೇ ಕೂರುತ್ತಿದ್ದಳು. ನಾನು ಏನು ಹೇಳಿದರೂ ಸತ್ತವರ ಮಾತಿಗೆ ಎದುರು ಮಾತು.

ಶೆಡ್ಡು ಮುಚ್ಚಬಾರದೆಂದು ಬರುವವರೆಲ್ಲ ಹೇಳಿದರು. ಶಟರ್ ಎತ್ತಲು ನಾನು ಹೋದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬೇಕರಿಯವನು ಹೊರಗಿನಿಂದ, "ಬಿಡಿ ಅಕ್ಕಾ," ಎಂದು ಒಂದೇ ಕೈಯಲ್ಲಿ ಎತ್ತಿಬಿಟ್ಟ. ಅವನಿಗೆ ಉಪಕಾರ ಮಾಡಿದ ಖುಷಿ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆಂದು ಗೊತ್ತಿಲ್ಲ. ಈ ಶಟರ್ ನಾನೇ ಎತ್ತಬೇಕು ಎಂದುಕೊಂಡೆ.

ಆ ಸಂಜೆ ಮಗಳಿಗೆ ಹೇಳಿದೆ. "ನಂಗೂ ಕಲಿಸು."

"ಏನು?"

"ಎತ್ತೋದು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವರು ಹೋದ ಮೇಲೆ ನಾನು ಚಹಾ, ಎರಡು ತುಂಡು ಬ್ರೆಡ್ಡಿನಲ್ಲಿ ದಿನ ತಳ್ಳುತ್ತಿದ್ದೆ. ಬಟ್ಟೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು. ಆದರೂ ಒಂದು ಸಣ್ಣ ರಾಡು ಕೈಗೆ ಕೊಟ್ಟಳು. ಹೊಲಿಗೆಗೆ ಗಿರಾಕಿ ಇಲ್ಲದಾಗ ಶೆಡ್ಡಿಗೆ ಹೋಗಿ ಎತ್ತುತ್ತಿದ್ದೆ. ವಾರಗಳು ಕಳೆದವು. ಶಟರೂ ಏಳಲಿಲ್ಲ, ತೋಳೂ ಬೆಳೆಯಲಿಲ್ಲ, ಕೈ ನೋವು ಮಾತ್ರ ಬಂತು.

"ತಿನ್ನದೆ ಏನಮ್ಮಾ ಕಟ್ತೀಯ? ಗಾಳೀಲಿ ಗೋಡೆ ಕಟ್ತೀಯಾ? ಅಪ್ಪ ಹೇಳ್ತಿದ್ದಿದ್ದು ಇದನ್ನೇ," ಎಂದು ಮಗಳು ರೇಗಿದಳು.

ಅದು ನಿಜ. ಅವರ ಮಾತಿನಲ್ಲಿ ಅಷ್ಟು ನಿಜ ಇತ್ತು. ನಾನು ಊಟಕ್ಕೆ ಕೂತೆ. ಆದರೆ ಒಂದು ಕರಾರು ಹಾಕಿದೆ. "ತಿಂತೀನಿ. ಒಂದೇ ತಟ್ಟೆ. ಹೊಟ್ಟೆ ತುಂಬಾ ಊಟ, ಮೇಲೊಂದು ಮೊಟ್ಟೆ, ಒಂದು ಲೋಟ ಹಾಲು. ನಿಮ್ಮಪ್ಪನ ಎರಡನೇ ತಟ್ಟೆ ನಂಗೆ ಬೇಡ. ಏನಾಗುತ್ತೋ ನೋಡೇಬಿಡೋಣ."

"ಏನೂ ಆಗಲ್ಲ," ಎಂದಳು.

ಸೊರಗಿ ಹೋದದ್ದು ಮೊದಲು ತಿರುಗಿ ಬಂತು. ಆಮೇಲೆ ತೂಕದ ಮುಳ್ಳು ನಿಂತಲ್ಲೇ ನಿಂತಿತು. ಅದನ್ನಷ್ಟೇ ನೋಡಿದ್ದರೆ ಕೈಬಿಡುತ್ತಿದ್ದೆ. ನಾನು ನನ್ನ ಅಳತೆ ಟೇಪು ನೋಡಿದೆ. ಸೊಂಟ ಅಲ್ಲೇ ಇತ್ತು, ತೋಳು ಒಂದೊಂದು ಗೆರೆ ದಾಟುತ್ತಿತ್ತು. ನನ್ನ ಅಂಗಿಯ ತೋಳಿನ ಹೊಲಿಗೆ ನಾನೇ ಬಿಡಿಸಬೇಕಾಯಿತು. ಇಷ್ಟು ವರ್ಷದಲ್ಲಿ ಅಂಥ ಸಂತೋಷದಿಂದ ನಾನು ಹೊಲಿಗೆ ಬಿಚ್ಚಿದ್ದಿಲ್ಲ.

ಆಸ್ಪತ್ರೆಯ ನರ್ಸಮ್ಮ ನನ್ನ ಹಳೆಯ ಗಿರಾಕಿ. ಅಳತೆ ಕೊಡಲು ಬಂದವರು ನನ್ನ ತೋಳು ಹಿಸುಕಿ ನೋಡಿದರು. "ಹೊಸದಾಗಿ ಎತ್ತೋರಿಗೆ ಬೇಗ ಬರುತ್ತೆ ಅಮ್ಮ. ಕೊಬ್ಬು ಬರಲೇಬೇಕು ಅಂತೇನಿಲ್ಲ. ಬಹಳ ವರ್ಷದಿಂದ ಎತ್ತೋರಿಗೆ ಸ್ವಲ್ಪ ಹೆಚ್ಚು ತಿನ್ನದೆ ಬರೋದು ನಿಧಾನ. ಸ್ವಲ್ಪ ಅಂದ್ರೆ ಸ್ವಲ್ಪ. ಇನ್ನೊಂದು ಊಟ ಅಲ್ಲ. ಮೈಗೆ ಬೇಕಾದಷ್ಟಕ್ಕಿಂತ ಮೇಲೆ ಹಾಕಿದ್ದೆಲ್ಲಾ ಗೋಡೌನಿಗೆ ಹೋಗುತ್ತೆ." ಹಾಗೆಂದು ತಮ್ಮ ಸೊಂಟವನ್ನೇ ತಟ್ಟಿ ನಕ್ಕರು. ಒಳಗೆ ಮಗಳ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

ಮಾತು ಅವಳನ್ನು ಒಪ್ಪಿಸಲಿಲ್ಲ. ಶಟರ್ ಒಪ್ಪಿಸಿತು. ಒಂದು ಬೆಳಿಗ್ಗೆ ಕಾಲು ಅಗಲಿಸಿ ನಿಂತು, ಉಸಿರು ಹಿಡಿದು ಎತ್ತಿದೆ. ಗರಗರ ಎಂದು ತಲೆಯ ಮೇಲಕ್ಕೆ ಹೋಯಿತು. ಬೀದಿಯ ಬೆಳಕೆಲ್ಲ ಒಳಗೆ ಬಿತ್ತು. ತಿರುಗಿ ನೋಡಿದರೆ ಮಗಳು ಹಿಂಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದಳು. ಬಾಯಿ ತೊಳೆದು ಬಂದಳು. ನನ್ನ ಕತ್ತಿನಲ್ಲಿದ್ದ ಟೇಪನ್ನು ತೆಗೆದುಕೊಂಡು ನನ್ನ ತೋಳು ಅಳೆದಳು, ಸೊಂಟ ಅಳೆದಳು. ಆಮೇಲೆ ತನ್ನ ತೋಳು, ತನ್ನ ಸೊಂಟ. ತನ್ನ ಸೊಂಟದ ಹತ್ತಿರ ಟೇಪು ಹಿಡಿದು ನಿಂತೇಬಿಟ್ಟಳು.

"ಅಪ್ಪ ನಿಜವಾಗ್ಲೂ ಹೇಳಿದ್ರಾ?"

"ಹೇಳಿದ್ರು. ಶರ್ಟಿನ ಮೇಲೆ ಬೆರಳಿಟ್ಟು ನೋಡಿದ್ರು. ನಾಳೆ ನಾನೇ ಹೇಳ್ತೀನಿ ಅಂದ್ರು."

"ನಕ್ರಾ?"

"ನಕ್ರು. ಟೈಲರನ್ನ ಕಟ್ಕೊಂಡ್ರೆ ಇದೇ ತಾಪತ್ರಯ ಅಂದ್ರು."

ಅವಳು ನಗುತ್ತಾ ಅತ್ತಳು. ಅದು ಅವರದೇ ಮಾತು ಎಂದು ಅವಳಿಗೆ ಗೊತ್ತಾಯಿತು. ಅಂಥ ಮಾತನ್ನು ಹುಟ್ಟಿಸಿ ಹೇಳಲು ನನಗೆ ಬರುವುದಿಲ್ಲ.

ಎರಡನೆಯ ತಟ್ಟೆ ಅಂದೇ ನಿಂತಿತು. ಮಗಳು ಉಪವಾಸ ಕೂರಲಿಲ್ಲ, ಎತ್ತುವ ಭಾರವನ್ನೂ ಇಳಿಸಲಿಲ್ಲ. ಮೊದಲಿನಷ್ಟೇ ಎತ್ತಿದಳು, ಆಮೇಲೆ ಅದಕ್ಕಿಂತ ಹೆಚ್ಚು. ತೂಕ ನಿಧಾನಕ್ಕೆ ಇಳಿಯಿತು, ತೋಳು ನಿಧಾನಕ್ಕೆ ಏರಿತು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಶೆಡ್ಡಿನಲ್ಲಿ ಹಳಬರು ವಾದ ಮಾಡಿದರು. ನಾನು ತೂಕದ ಯಂತ್ರದ ಪಕ್ಕದಲ್ಲಿ ಮೊಳೆ ಹೊಡೆದು ಒಂದು ಟೇಪು ನೇತುಹಾಕಿದೆ. ಭಾನುವಾರ ಈಗ ಎರಡೂ ನೋಡಬೇಕು. ಬೇಕರಿಯವನು ಎಂದಿನಂತೆ ನೀರು ಕುಡಿದು ಬಂದ. ತೂಕಕ್ಕೆ ನಿಂತು ನಕ್ಕ. ನಾನು ಹೊಟ್ಟೆಗೆ ಟೇಪು ಸುತ್ತಿದೆ.

"ಅಕ್ಕಾ, ಅದು ನೀರು," ಎಂದ ಮೆಲ್ಲಗೆ.

"ಗೊತ್ತಪ್ಪಾ. ಮಾಸ್ಟ್ರಿಗೂ ಗೊತ್ತಿತ್ತು ಅನ್ಸುತ್ತೆ," ಎಂದೆ. ಶೆಡ್ಡೆಲ್ಲ ನಕ್ಕಿತು. ಅವರು ಹೋದ ಮೇಲೆ ಅಲ್ಲಿ ಅಂಥ ನಗು ಅದೇ ಮೊದಲು.

ಪರೀಕ್ಷೆಯ ದಿನ ನನ್ನನ್ನು ಗೇಟಿನ ಒಳಗೆ ಬಿಡಲಿಲ್ಲ. ಆವರಣದ ಗೋಡೆಯ ಮೇಲಿಂದ ಕಟ್ಟಡದ ಮೂರನೆಯ ಮಹಡಿ ಮಾತ್ರ ಕಾಣುತ್ತಿತ್ತು. ಒಬ್ಬೊಬ್ಬರೇ ಗೊಂಬೆ ಹೊತ್ತು ಅಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಕೆಲವರು ಕಾಣಿಸಿಕೊಳ್ಳಲೇ ಇಲ್ಲ. ನಾನು ಎರಡನೆಯ ತಿರುವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಗೇಟಿನ ಸರಳು ಹಿಡಿದು ನಿಂತೆ. ಆಮೇಲೆ ಮೇಲೆ ಉದ್ದನೆಯ ಒಂದು ಆಕಾರ ಬಂತು. ಹೆಗಲ ಮೇಲೆ ಗೊಂಬೆಯ ಎರಡು ಕಾಲು ಜೋಲಾಡುತ್ತಿದ್ದವು. ಅವಳ ನಡಿಗೆ ನನಗೆ ಗೊತ್ತಿಲ್ಲವೇ.

ಹೊರಗೆ ಬಂದಾಗ ಅವಳ ಕುತ್ತಿಗೆ ತುಂಬಾ ಮರಳು. "ಚಿಕ್ಕಪ್ಪನಿಗಿಂತ ಹಗುರ ಇದ್ದ ಅಮ್ಮಾ," ಎಂದಳು.

ಈಗ ಅವಳಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ, ಹೊತ್ತುಗೊತ್ತಿಲ್ಲ. ಕೆಲವು ದಿನ ಅವಳು ಬರುವಾಗ ನಾನು ಎದ್ದಿರುತ್ತೇನೆ. ಬೆಳಿಗ್ಗೆ ಹಿಂಬಾಗಿಲಿನಿಂದ ಶೆಡ್ಡಿಗೆ ಹೋಗುತ್ತೇನೆ. ಅವರು ಮಾಡುತ್ತಿದ್ದ ಹಾಗೆ ಮೊದಲು ರಾಡುಗಳನ್ನು ಒರೆಸುತ್ತೇನೆ. ಒರೆಸುವ ಬಟ್ಟೆ ಅವರದೇ ಅಂಗಿಯ ಬೆನ್ನು, ಅದಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆ. ಬೆವರು ಉಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಜಾರಿದ ಚಿಕ್ಕಪ್ಪನನ್ನು ನೆಟ್ಟಗೆ ಕೂರಿಸುತ್ತೇನೆ. ತೂಕದ ಯಂತ್ರದ ಮುಳ್ಳು ಸೊನ್ನೆಯಿಂದ ಕೂದಲೆಳೆ ಆಚೆ ಇರುತ್ತದೆ. ತಿರುಪು ಹಿಡಿದು ಸೊನ್ನೆಗೆ ತರುತ್ತೇನೆ. ಟೇಪು ಮೊಳೆಯ ಮೇಲಿದೆಯೇ ನೋಡುತ್ತೇನೆ. ಆಮೇಲೆ ಕಾಲು ಅಗಲಿಸಿ ನಿಂತು ಶಟರ್ ಎತ್ತುತ್ತೇನೆ, ಪೂರ್ತಿ ಮೇಲಿನವರೆಗೆ.