ಅಜ್ಜಿಯ ಕೈಯ ಹಸಿರು ಗೆರೆ

ಬೆಳಿಗ್ಗೆ ಜೆ.ಪಿ. ನಗರದ ಲ್ಯಾಬಿನಲ್ಲಿ ಕೈಗೆ ಸ್ಪಿರಿಟ್ ಒರೆಸಿದರು. ಆ ವಾಸನೆಗೆ ಕೋಣನಕುಂಟೆಯ ಅಜ್ಜಿ ನೆನಪಾದಳು.

ನಾನು ಚಿಕ್ಕವಳಿದ್ದಾಗ ವಾಂತಿಭೇದಿಯಿಂದ ಬತ್ತಿಹೋಗಿದ್ದ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಡ್ರಿಪ್ ಹಾಕಲು ಸಿಸ್ಟರ್ ಎರಡು ಸಲ ಚುಚ್ಚಿದರೂ ನರ ಸಿಕ್ಕು ಕೊಳವೆಗೆ ರಕ್ತ ಬರಲಿಲ್ಲ. ಅಜ್ಜಿ ಕಣ್ಣು ಮೇಲೆ ಮಾಡುತ್ತಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದರು. ಮೂರನೆಯ ಸಲ ಸೂಜಿ ಒಂದು ಹಸಿರು ಗೆರೆಯತ್ತ ಬಂತು.

"ಅಕ್ಕ, ಅದು ನರ ಅಲ್ಲ, ಹಚ್ಚೆ," ಎಂದೆ.

"ಮತ್ತೆ ನರ ಎಲ್ಲಿದೆ, ತೋರ್ಸು."

ದಿನಾ ಕತೆ ಕೇಳುತ್ತಾ ಅಜ್ಜಿಯ ಕೈನರ ಒತ್ತಿ ಆಡುತ್ತಿದ್ದೆ. ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಕಿರುಬೆರಳಿನ ಬುಡದ ಹತ್ತಿರ ತೋರಿಸಿದೆ. ಸಿಸ್ಟರ್ ಅಲ್ಲಿ ಚುಚ್ಚಿದರು; ಕೊಳವೆಯಲ್ಲಿ ಕೆಂಪು ಕಾಣಿಸಿತು.

"ಮೇಡಂ, ನರ ಸಿಗ್ತಿಲ್ಲ. ಯಾವ ಕೈಯಲ್ಲಿ ಸಿಗತ್ತೆ ಗೊತ್ತಾ?" ಲ್ಯಾಬಿನ ಹುಡುಗಿ ಕೇಳಿದಳು.

ಗೊತ್ತಿರಲಿಲ್ಲ. ನನ್ನ ಕೈ ಹಿಡಿದು ಆಡಿದವರು ಯಾರೂ ಇಲ್ಲ.