ಹಳೇ ವಿಳಾಸಕ್ಕೆ ಹೋದ ಸಮನ್ಸು

ನ್ಯಾಯಾಲಯದ ಮೂರನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಇಕ್ಕಟ್ಟು ಕೋಣೆಯಲ್ಲಿ ಕೂರುವ ಗುಮಾಸ್ತರಿಗೆ ಲಕೋಟೆ ಮಾಸ್ತರು ಎಂದೇ ಹೆಸರು ಬಿದ್ದಿತ್ತು. ಪರದೇಶದಲ್ಲಿರುವ ಪ್ರತಿವಾದಿಗಳಿಗೆ ಸಮನ್ಸು ಮುಟ್ಟಿಸುವುದು ಅವರ ಕೆಲಸ. ದಾವೆಯ ಪ್ರತಿಗಳು, ಆ ದೇಶದ ಭಾಷೆಗೆ ಮಾಡಿಸಿದ ಅನುವಾದ, ಪುಟಪುಟಕ್ಕೂ ಮೊಹರು, ಕೊನೆಯಲ್ಲಿ ಅವರ ಸಹಿ. ಕಟ್ಟು ಸಮುದ್ರ ದಾಟಿ, ಅಲ್ಲಿನ ಕಚೇರಿ ಹೊಕ್ಕು, ಅಲ್ಲಿನ ಅಮೀನನ ಕೈಯಲ್ಲಿ ಮನೆಬಾಗಿಲು ಮುಟ್ಟಿ ರಸೀದಿ ಮರಳಲು ಆರೇಳು ತಿಂಗಳು. ಅಷ್ಟರೊಳಗೆ ಎಷ್ಟೋ ಜಗಳಗಂಟರು ರಾಜಿಯಾಗಿ, ಮತ್ತೆ ಹೊಸದಾಗಿ ಜಗಳ ತೆಗೆದಿರುತ್ತಿದ್ದರು.

"ನಾನು ಬರೀ ಅಂಚೆಪೆಟ್ಟಿಗೆ ಕಣ್ರೀ. ಒಳಗೇನಿದೆ ಅಂತ ಪೆಟ್ಟಿಗೆ ಓದುತ್ತಾ?" ಎನ್ನುವರು ಮಾಸ್ತರು. ಓದುತ್ತಿದ್ದರು, ಒಂದಕ್ಷರ ಬಿಡದೆ. ಮಧ್ಯಾಹ್ನದ ಊಟಕ್ಕೆ ಅದಕ್ಕಿಂತ ರುಚಿಯಾದ ನಂಜಿಕೊಳ್ಳುವ ಪದಾರ್ಥ ಅವರಿಗೆ ಬೇರೆ ಇರಲಿಲ್ಲ.

ಒಂದು ದಿನ ಬಂದ ಕಡತ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ದಾವೆ ಹೂಡಿದವನು ಅವರ ಅಕ್ಕನ ಮಗ. ಪ್ರತಿವಾದಿ ಅವನ ಹೆಂಡತಿ. ಎರಡು ವರ್ಷದಿಂದ ಪರದೇಶದ ಆಸ್ಪತ್ರೆಯಲ್ಲಿ ನರ್ಸು. ಐದು ವರ್ಷದ ಮಗಳು ಅಪ್ಪ, ಅಜ್ಜಿಯ ಜೊತೆ ಇಲ್ಲೇ. ಮುಂದಿನ ವರ್ಷ ಬಂದು ಮಗುವನ್ನು ಕರೆದುಕೊಂಡು ಹೋಗ್ತೀನಿ ಎಂದು ತಾಯಿ ಅಂದದ್ದೇ ತಡ, ಮಗು ತನ್ನ ಬಳಿಯೇ ಉಳಿಯಬೇಕೆಂದು ಗಂಡ ಕೋರ್ಟಿಗೆ ಬಂದಿದ್ದ. ಅವಳು ಹಾಜರಾಗದಿದ್ದರೆ ತೀರ್ಪು ಅವನ ಪಾಲಿಗೆ. ಮಗು ಅವಳ ಕೈತಪ್ಪಿದಂತೆಯೇ.

ಅರ್ಜಿಯಲ್ಲಿದ್ದ ವಿಳಾಸ ಹಳೆಯದು. ಅದು ಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಬೆನ್ನುನೋವಿನ ಸುದ್ದಿ ಕೇಳಿ ಅವಳು ಸೊಂಟಕ್ಕೆ ಬಿಗಿಯುವ ಪಟ್ಟಿಯೊಂದನ್ನು ಪಾರ್ಸೆಲ್ ಮಾಡಿದ್ದಳು. ಹೊದಿಕೆಯ ಮೇಲೆ ಹೊಸ ಮನೆಯ ವಿಳಾಸ, ದುಂಡಗಿನ ಅಕ್ಷರದಲ್ಲಿ. ಕಡತ ಓದುವಾಗಲೂ ಪಟ್ಟಿ ಮಾಸ್ತರ ಸೊಂಟದಲ್ಲೇ ಇತ್ತು.

ಸಂಜೆ ಅಕ್ಕನ ಮನೆಗೆ ಹೋದರು.

"ಅಕ್ಕ, ಆ ವಿಳಾಸದಲ್ಲಿ ಅವಳಿಲ್ಲ."

ಅಕ್ಕ ಬಟ್ಟೆ ಮಡಿಸುತ್ತ ತಲೆ ಎತ್ತಲಿಲ್ಲ. "ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಮತ್ತೆ? ಅರ್ಜೀಲಿ ಏನಿದೆಯೋ ಅದನ್ನ ಬರಿ. ಆಯಸ್ಸೆಲ್ಲ ಅಂಚೆಪೆಟ್ಟಿಗೆ ಅಂದ್ಕೊಂಡೇ ಕಳ್ದೆಯಲ್ಲೋ, ಈಗ್ಯಾಕೆ ಪೆಟ್ಟಿಗೆಗೆ ಬಾಯಿ ಬಂತು?"

ಅಷ್ಟರಲ್ಲಿ ಮಗು ಓಡಿ ಬಂದು ಅವರ ಸೊಂಟ ತಟ್ಟಿತು. "ತಾತ, ಇದು ಅಮ್ಮ ಕಳ್ಸಿದ್ದಲ್ವಾ? ಎಷ್ಟ್ ಗಟ್ಟಿ ಇದೆ!"

ಮಾಸ್ತರು ಚಪ್ಪಲಿ ಹುಡುಕಿದರು.

ನಿಯಮವೂ ಅಕ್ಕನ ಪರವೇ ಇತ್ತು: ಅರ್ಜಿದಾರ ಕೊಟ್ಟ ವಿಳಾಸಕ್ಕೆ ಕಳಿಸುವುದು, ಗುಮಾಸ್ತ ನಡುವೆ ತಲೆ ಹಾಕದಿರುವುದು. ಮರುದಿನ ಹಳೇ ವಿಳಾಸವನ್ನೇ ಬೆರಳಚ್ಚಿಸಿದರು. ಅಷ್ಟು ಅಚ್ಚುಕಟ್ಟಾದ ಕಟ್ಟು ಆ ಕೋಣೆಯಿಂದ ಹಿಂದೆಂದೂ ಹೊರಟಿರಲಿಲ್ಲ. ಅಂಚು ಅಂಚಿಗೆ ಕೂತಿತ್ತು, ಒಂದು ಮೊಹರೂ ಓರೆಯಾಗಿರಲಿಲ್ಲ.

ನಡುವೆ ಒಮ್ಮೆ ಅವಳ ಫೋನು ಬಂತು. "ಮಾವ, ಪಟ್ಟಿ ಬಿಗಿಯಾಗ್ಲಿಲ್ಲ ತಾನೇ? ಪುಟ್ಟಿ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ಆಮೇಲೆ ಮಾತಾಡೋಣಮ್ಮ, ಕಚೇರೀಲಿದೀನಿ."

ಅವತ್ತು ಭಾನುವಾರ.

ಏಳನೇ ತಿಂಗಳಿಗೆ ಕಟ್ಟು ಮರಳಿತು, ಮೇಲೆ 'ಇಲ್ಲಿ ವಾಸವಿಲ್ಲ' ಎಂಬ ಮುದ್ರೆ. ಇನ್ನು ಇಲ್ಲಿನ ಯಾವುದೋ ಪತ್ರಿಕೆಯ ಮೂಲೆಯಲ್ಲೊಂದು ಪ್ರಕಟಣೆ ಕೊಟ್ಟರೆ ಮುಗಿಯಿತು. ಅವಳು ಅದನ್ನು ಕಂಡರೂ ಕಂಡಂತೆ, ಕಾಣದಿದ್ದರೂ ಕಂಡಂತೆಯೇ ಕಾನೂನಿನ ಲೆಕ್ಕ. ಅದಕ್ಕೆ ಮೊದಲು ಗುಮಾಸ್ತರು ಒಂದು ವರದಿಗೆ ಸಹಿ ಹಾಕಬೇಕು: 'ಪ್ರತಿವಾದಿಯ ವಿಳಾಸ ತಿಳಿದುಬಂದಿಲ್ಲ.' ಇಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರು. ಇದು ಕೈಯಾರೆ ಬರೆಯುವ ಸುಳ್ಳು. ಪೆನ್ನು ಮೂರು ಸಲ ತೆಗೆದು ಮೂರು ಸಲ ಮುಚ್ಚಿದರು. ಕೊನೆಗೆ ಎದ್ದು ನ್ಯಾಯಾಧೀಶರ ಕೊಠಡಿಗೆ ಹೋದರು.

"ಸ್ವಾಮಿ, ಆಕೆ ವಿಳಾಸ ನನಗೆ ಗೊತ್ತು."

"ಯಾವಾಗಿನಿಂದ?"

"ಮೊದಲಿನಿಂದ."

ನ್ಯಾಯಾಧೀಶರು ಕನ್ನಡಕ ತೆಗೆದರು. "ನೀವಿಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

"ಇಪ್ಪತ್ತಾರು, ಸ್ವಾಮಿ."

ನ್ಯಾಯಾಧೀಶರು ಕನ್ನಡಕ ಮತ್ತೆ ಏರಿಸಿ ಕಡತವನ್ನು ತಮ್ಮತ್ತ ಎಳೆದುಕೊಂಡರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೊಸ ಸಮನ್ಸಿಗೆ ಆದೇಶವಾಯಿತು. ಗುಮಾಸ್ತರು ವಿಳಾಸ ತಿಳಿದಿದ್ದೂ ಮುಚ್ಚಿಟ್ಟರೆಂದು ಅದರಲ್ಲೇ ಒಂದು ಸಾಲು. ಆದೇಶದ ಪ್ರತಿಯೂ ಕಟ್ಟಿನೊಳಗೆ ಹೋಗಬೇಕು, ಅನುವಾದ ಸಮೇತ. ಆ ಹಾಳೆಯನ್ನು ಮರೆತಂತೆ ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಮಾಸ್ತರು ಅದನ್ನು ಎಲ್ಲಕ್ಕಿಂತ ಮೇಲಿಟ್ಟು ದಾರ ಬಿಗಿದರು. ಅಕ್ಕ ಅವರೊಡನೆ ಮಾತು ಬಿಟ್ಟಳು. ಮಗುವನ್ನು ನೋಡಲು ಹೋದರೆ ಬಾಗಿಲು ತೆರೆಯುತ್ತಿರಲಿಲ್ಲ.

ಐದು ತಿಂಗಳ ಮೇಲೆ ಫೋನು ಬಂತು.

"ಮಾವ."

"ಹೇಳಮ್ಮ."

"ಎಲ್ಲಾ ಓದ್ದೆ. ನಮ್ಮ ಭಾಷೇಲೂ ಓದ್ದೆ, ಇಲ್ಲಿನ ಭಾಷೇಲೂ ಓದ್ದೆ. ಎರಡರಲ್ಲೂ ಒಂದೇ ಇದೆ."

"ಹೌದಮ್ಮ. ಸರಿಯಾಗೇ ಬರ್ದಿದಾರೆ."

ಆ ಕಡೆ ಯಾರೋ ಅವಳನ್ನು ಕೆಲಸಕ್ಕೆ ಕರೆದರು. ಬಂದೆ ಎಂದಳು, ಆದರೆ ಫೋನು ಇಡಲಿಲ್ಲ.

"ರಜೆ ಹಾಕಿದೀನಿ, ಬರ್ತೀನಿ. ಅಲ್ಲೊಬ್ರು ಒಳ್ಳೆ ವಕೀಲರು ಬೇಕು."

ಮಾಸ್ತರಿಗೆ ಜೀವ ಬಂದಂತಾಯಿತು. "ಅದನ್ನ ನಂಗೆ ಬಿಡಮ್ಮ, ಇಲ್ಲಿ ಎಲ್ಲಾ ನಮ್ಮ ಪರಿಚಯದವ್ರೇ..."

"ಬೇಡ ಮಾವ. ನೀವು ಯಾರ ಹೆಸ್ರೂ ಹೇಳ್ಬೇಡಿ. ನಾನು ಬರೋ ದಿನಾನೂ ನಿಮ್ಗೆ ಹೇಳಲ್ಲ."

"ಆಗ್ಲಮ್ಮ," ಎಂದರು ಮಾಸ್ತರು, ಅವಳು ಎದುರಿಗೇ ನಿಂತಿರುವಂತೆ ನೆಲ ನೋಡುತ್ತ.